ಎಂಜಲು ನೀರಿನ ಗಿಡ

ಹೊಸಬೇವಿನಾಳ, ಇಂಡಿ ತಾಲೂಕು
೧೪ ಮಾರ್ಚ್ ೧೯೭೦

ಧರ್ಮಣ್ಣ ಮಾಸ್ತರರಿಗೆ ದೇವಕ್ಕನ ನಮಸ್ಕಾರ.

ಮಲಾಡಿನ ಕನ್ನಡ ಶಾಲೆಯಲ್ಲಿದ್ದಾಗ ಬಾಯಿ ಮುಚ್ಚದವಳು ಊರಿಗೆ ಹೋದ ಮೇಲೆ ಒಂದು ಕಾಗದ ಬರೆಯಲಿಲ್ಲ ಎಂದು ಮನಸ್ಸಿನಲ್ಲೇ ಬೈದಿರುತ್ತೀರಿ. ಬಾಯಿಬಿಟ್ಟು ಬೈಯುವವರಂತೂ ನೀವಲ್ಲ. ತೀರಿಕೊಂಡ ಅತ್ತಿಗೆಯ ದಿನಕರ್ಮ ಮುಗಿಯಿತು. ಅಣ್ಣ ಗುರಲಿಂಗಪ್ಪ ಕಟ್ಟೆಯ ಮೇಲೆ ಕುಳಿತರೆ ಕುಳಿತೇ ಇರುತ್ತಾನೆ. ಅವನ ಮಗಳು ಚನ್ನವ್ವನಿಗೆ ಎಂಟು ವರ್ಷ, ಮಗ ಬಂಡೆಪ್ಪ ಇನ್ನೂ ಎರಡರ ಕೂಸು. ಅವನು ನನ್ನನ್ನು "ಅವ್ವಾ" ಎಂದು ಕರೆಯತೊಡಗಿದ್ದಾನೆ. ಗಂಡನನ್ನು ಕಳೆದುಕೊಂಡು ಮುಂಬೈ ಸೇರಿದವಳಿಗೆ ಆ ಮಾತು ಕೇಳಿ ಸಂತೋಷವಾಯಿತೋ ಭಯವಾಯಿತೋ ಇನ್ನೂ ಗೊತ್ತಾಗಿಲ್ಲ.

ನಮ್ಮ ಪೀಪಾಯಿ ಹೇಗಿದೆ? ಮಕ್ಕಳು ಕುಡಿದು ಉಳಿಸಿದ ನೀರು, ಪಾಟಿ ಒರೆಸಿದ ನೀರು, ಎಲ್ಲವೂ ಅದಕ್ಕೇ ಬೀಳುತ್ತಿದೆಯೋ ಮೋರಿಗೆ ಹೋಗುತ್ತಿದೆಯೋ? ನನ್ನ ಕಾಯಿದೆ ಜ್ಞಾಪಿಸಿ: ಉಳಿದ ನೀರು ಗಿಡಕ್ಕೆ, ಚೆಲ್ಲಿದವರ ಕಿವಿ ನನ್ನ ಕೈಗೆ. ಕಂಪೌಂಡಿನ ಮೂಲೆಯಲ್ಲಿ ನಾನು ನೆಟ್ಟ ಬೇವು ಉಳಿಯುವುದಿಲ್ಲವೆಂದು ಹೊರಡುವಾಗಲೇ ಅನಿಸಿತ್ತು.

ಇಲ್ಲಿ ಯಾರಾದರೂ ಜೋರಾಗಿ ಕೂಗಿದರೆ ನೀವು ಪ್ಯೂನ್ ಐತನನ್ನು "ಬಲೆ ಬಲೆ" ಎಂದು ಕರೆಯುವುದು ನೆನಪಾಗುತ್ತದೆ. ಮೊದಲ ದಿನ ನಾನು ಮೀನಿನ ಬಲೆ ಎಲ್ಲಿದೆಯೆಂದು ಸುತ್ತಲೂ ನೋಡಿದ್ದೆ! ತುಳುವಿನಲ್ಲಿ ಅದು "ಬಾ" ಎಂದು ಯಾರು ಕಂಡಿದ್ದರು? ನಿಮ್ಮ ಕರಾವಳಿಯವರು ಕರೆಯುವುದೂ ಬಲೆ ಬೀಸಿದ ಹಾಗೇ.

ಒಂದು ಮಾತು. ಅಂಚೆಯವನು ಕಾಗದವನ್ನು ಅಣ್ಣನ ಕೈಗೆ ಕೊಡುತ್ತಾನೆ. ಕಟ್ಟೆಯಲ್ಲಿ ಕುಳಿತವರಿಗೆಲ್ಲ ಅದನ್ನು ಓದಿ ಹೇಳಿದ ಮೇಲೆ ಅದು ಅಡುಗೆಮನೆಗೆ ಬರುತ್ತದೆ. ಆದ್ದರಿಂದ ಶಾಲೆಯ ಸುದ್ದಿ ಮಾತ್ರ ಬರೆಯಿರಿ. ಬೇರೆ ಸುದ್ದಿ ಇದೆಯೆಂದು ನಾನು ಹೇಳುತ್ತಿಲ್ಲ.

ದೇವಕ್ಕ


ಮಲಾಡ್, ಮುಂಬೈ
೫ ಏಪ್ರಿಲ್ ೧೯೭೦

ದೇವಕ್ಕ ಟೀಚರ್ ಅವರಿಗೆ ನಮಸ್ಕಾರಗಳು.

ನೀವು ಹೇಳಿದಂತೆ ಶಾಲೆಯ ಸುದ್ದಿ ಮಾತ್ರ.

ಪೀಪಾಯಿ ತಳದಲ್ಲಿ ಸೋರುತ್ತಿತ್ತು. ಐತ ಡಾಂಬರು ಮೆತ್ತಿ ಸರಿಮಾಡಿದ. ತೋಟದ ತಾಸನ್ನು ಹೆಡ್‌ಮಾಸ್ತರರು ನನ್ನ ತಲೆಗೆ ಕಟ್ಟಿದ್ದಾರೆ. ಬಾಳೆಹಣ್ಣಿನ ಸಿಪ್ಪೆ, ತರಕಾರಿ ಸೊಪ್ಪು ಹಾಕುವ ಗೊಬ್ಬರದ ಗುಂಡಿಯನ್ನು ಮಕ್ಕಳು ನೀವು ಹೇಳಿಕೊಟ್ಟಂತೆಯೇ ಮುಚ್ಚಿ ತೆರೆದು ಮಾಡುತ್ತಿದ್ದಾರೆ. ಬೀಜದ ಡಬ್ಬಿಗೆ ಒಬ್ಬಳು ಗೇರುಬೀಜ ತಂದು ಹಾಕಿದಳು, ಮರುದಿನ ಅದು ಇರಲಿಲ್ಲ. ಯಾರು ತಿಂದರೆಂದು ವಿಚಾರಣೆ ನಡೆಸುವ ಶಕ್ತಿ ನನಗಿಲ್ಲ.

ಬೇವು ಒಣಗಿತು. ಕ್ಷಮಿಸಿ.

ಒಬ್ಬ ತಾಯಿ ಬಂದು ಜಗಳವಾಡಿದರು. "ಎಂಜಲು ನೀರು ಕುಡಿದ ದಾಸವಾಳವನ್ನು ದೇವರಿಗೆ ಏರಿಸಲಿಕ್ಕೆ ಆಗ್ತದಾ ಮಾಸ್ಟ್ರೆ?" ಎಂದರು. ನೀವಿದ್ದಿದ್ದರೆ ಅವರು ನಗುತ್ತ ಹಿಂತಿರುಗುವಂತೆ ಏನಾದರೂ ಹೇಳುತ್ತಿದ್ದಿರಿ. ನಾನು ಕನ್ನಡಕ ಒರೆಸಿಕೊಂಡೆ. ನಿಮ್ಮ ಒಂದನೇ ಇಯತ್ತೆಯ ಮಕ್ಕಳು ದಿನವೂ "ದೇವಕ್ಕ ಟೀಚರ್ ಕಬ್ ಆಯೇಗಿ?" ಎಂದು ಕೇಳುತ್ತಾರೆ. ಕನ್ನಡದಲ್ಲಿ ಕೇಳಿದರೆ ಹೇಳುತ್ತೇನೆ ಎನ್ನುತ್ತೇನೆ. "ಯಾವಾಗ ಬರುತ್ತಾರೆ?" ಎಂದು ಕನ್ನಡದಲ್ಲಿ ಕೇಳಿದರೆ ಪೀಪಾಯಿ ತುಂಬಿಸಲು ಕಳಿಸುತ್ತೇನೆ.

ಶಾಲೆಯಿಂದ ಸ್ಟೇಷನ್‌ವರೆಗೆ ರಸ್ತೆ ಅಗೆದಿದ್ದಾರೆ. ಒಬ್ಬರು ನಡೆಯುವಷ್ಟೇ ಜಾಗ ಉಳಿದಿದೆ. ಈಗ ಅಷ್ಟು ಸಾಕಾಗುತ್ತದೆ.

ಧರ್ಮಣ್ಣ


ಹೊಸಬೇವಿನಾಳ
೧೮ ಮೇ ೧೯೭೦

ಧರ್ಮಣ್ಣ ಮಾಸ್ತರರಿಗೆ ನಮಸ್ಕಾರ.

ಆ ತಾಯಿಗೆ ಹೀಗೆ ಹೇಳಿ: ಮಗುವಿನ ಎಂಜಲು ತಿನ್ನದ ತಾಯಿ ಇದ್ದಾಳೇನು? ದೇವರೂ ಒಬ್ಬ ತಾಯಿಯ ಹತ್ತಿರ ಬೆಳೆದವನೇ ಅಲ್ಲವೇ?

ನಿಮ್ಮ ಕಾಗದ ಕಟ್ಟೆಯಲ್ಲಿ ಹೆಸರು ಮಾಡಿತು. ಗೇರುಬೀಜದ ಕಳ್ಳನ ಕಥೆಗೆ ಎಲ್ಲರೂ ನಕ್ಕರಂತೆ. ರಸ್ತೆ ಅಗೆದ ಸುದ್ದಿಯನ್ನು ಅಣ್ಣ ಓದಿ, "ಮುಂಬೈಯಾಗ ಯಾವಾಗ ನೋಡಿದ್ರೂ ಅಗೀತಿರತಾರ" ಎಂದು ಮುಂದೆ ಹೋದ. ನಾನು ಒಳಗೆ ಬಂದು ಆ ಸಾಲನ್ನು ಮತ್ತೆ ಓದಿದೆ.

ನನ್ನ ರಜೆ ಶಾಲೆ ತೆರೆಯುವ ದಿನಕ್ಕೆ ಮುಗಿಯುತ್ತದೆ. "ಇಲ್ಲೇ ಇರು, ಮಾಸ್ತರಕಿ ಇಲ್ಲೂ ಸಿಗತೈತಿ, ಹುಡುಗೂರ್ನ ಯಾರ ಮಾರಿ ನೋಡಿ ಬಿಟ್ಟು ಹೋಗ್ತಿ?" ಎಂದು ಅಣ್ಣ ದಿನವೂ ಕೇಳುತ್ತಾನೆ. ಅಲ್ಲಿ ನನಗಾಗಿ ಏನಾದರೂ ಕಾದಿದೆಯೆಂದು ಗೊತ್ತಾದರೆ ಮಕ್ಕಳನ್ನು ಜೊತೆಗೇ ಕರೆದುಕೊಂಡು ಬಂದೇನು. ಸುಮ್ಮನೆ ಒಂದು ಖೋಲಿಗಾಗಿ, ಒಂದು ಪಗಾರಕ್ಕಾಗಿ ಬರುವಷ್ಟು ಮನಸ್ಸಿಲ್ಲ.

ನಮ್ಮೂರ ಲಾಲಸಾಬ ಮಿರಗದ ಮಳೆಗೆ ಮೊದಲೇ ಅಂಧೇರಿಗೆ ಬಿಲ್ಡಿಂಗ್ ಕೆಲಸಕ್ಕೆ ಹೊರಡುತ್ತಾನೆ. ಜುಲೈಯ ವನಮಹೋತ್ಸವಕ್ಕೆ ಆ ಖಾಲಿ ಮೂಲೆಯಲ್ಲಿ ಏನಾದರೂ ನೆಡಬೇಕಲ್ಲ, ಇಲ್ಲಿಂದ ಕಳಿಸಲೇ? ಶಾಲೆಗೆ ಏನು ಬೇಕೆಂದು ನೀವೇ ಬಾಯಿಬಿಟ್ಟು ಹೇಳಿ. ಬೇಗ ಬರೆಯಿರಿ.

ದೇವಕ್ಕ


(ಪೋಸ್ಟ್ ಕಾರ್ಡ್)
ಮಲಾಡ್
೨೬ ಮೇ ೧೯೭೦

ಟೀಚರ್ ಅವರಿಗೆ ನಮಸ್ಕಾರ. ಶಾಲೆಗೆ ಏನು ಬೇಕೆಂದು ಕೇಳಿದ್ದೀರಿ. ಬನ್ನಿ. ಬೇರೇನೂ ಬೇಡ.

ಧರ್ಮಣ್ಣ


ಹೊಸಬೇವಿನಾಳ
೪ ಜೂನ್ ೧೯೭೦

ಧರ್ಮಣ್ಣ ಮಾಸ್ತರರಿಗೆ ನಮಸ್ಕಾರ.

ನೀವು ಕೇಳಿದ್ದನ್ನು ಲಾಲಸಾಬನ ಕೈಯಲ್ಲಿ ಕಳಿಸಿದ್ದೇನೆ. ನಮ್ಮ ಹೊಲದ ಬದುವಿನಲ್ಲಿ ತಾನಾಗಿಯೇ ಎದ್ದ ಸಸಿ. ಬೇರು ಬಲು ಆಳಕ್ಕೆ ಇಳಿಯುತ್ತದೆ, ಅದಕ್ಕಾಗಿ ಮಣ್ಣಿನ ಹೆಂಟೆ ಸಮೇತ ಅಗೆಸಿ ಗೋಣಿಯಲ್ಲಿ ಕಟ್ಟಿದ್ದೇನೆ. ಒಮ್ಮೆ ನೆಟ್ಟ ಮೇಲೆ ಜಾಗ ಬದಲಿಸಬೇಡಿ. ಮುಳ್ಳಿದೆ, ಮಕ್ಕಳಿಗೆ ಎಚ್ಚರಿಕೆ ಹೇಳಿ.

ನೀವು ಕೇಳಿದ್ದು ಇದೇ ತಾನೆ? ತಪ್ಪಾಗಿದ್ದರೆ ಕೂಡಲೇ ಬರೆಯಿರಿ. ಶಾಲೆ ತೆರೆಯಲು ಇನ್ನೂ ದಿನಗಳಿವೆ.

ದೇವಕ್ಕ


ಮಲಾಡ್
೧೧ ಜೂನ್ ೧೯೭೦

ಶ್ರೀಮತಿ ದೇವಕ್ಕ ಅವರಿಗೆ ನಮಸ್ಕಾರಗಳು.

ಲಾಲಸಾಬ ಖುದ್ದಾಗಿ ಬಂದು ಸಸಿಯನ್ನು ಒಪ್ಪಿಸಿದ. ಹೌದು, ಕೇಳಿದ್ದು ಇದೇ. ತಪ್ಪೇನೂ ಆಗಿಲ್ಲ. ತೊಂದರೆ ತೆಗೆದುಕೊಂಡದ್ದಕ್ಕೆ ಶಾಲೆಯ ಪರವಾಗಿ ಕೃತಜ್ಞತೆಗಳು.

ನಿಮ್ಮ ನಿರ್ಧಾರ ಸರಿಯಾಗಿಯೇ ಇದೆ. ಚಿಕ್ಕ ಮಕ್ಕಳನ್ನು ಬಿಟ್ಟು ಬರುವುದು ಯಾರಿಗೂ ಸುಲಭವಲ್ಲ.

ಧರ್ಮಣ್ಣ


ಹೊಸಬೇವಿನಾಳ
೨ ಜುಲೈ ೧೯೭೦

ಮಾನ್ಯರೇ,

ರಾಜೀನಾಮೆ ಕಳಿಸಿದ್ದೇನೆ. ನನ್ನ ಕಪಾಟಿನಲ್ಲಿರುವ ಬಣ್ಣದ ಸೀಮೆಸುಣ್ಣವನ್ನು ಮಕ್ಕಳಿಗೆ ಹಂಚಿ. ಗಿಡಕ್ಕೆ ಮಾತ್ರ ಪೀಪಾಯಿ ನೀರನ್ನೇ ಹಾಕಿ, ನಳದ ನೀರು ಬೇಡ. ಅಷ್ಟು ಮಾಡಿದರೆ ಸಾಕು.

ದೇವಕ್ಕ


ಮಲಾಡ್
೨೦ ಫೆಬ್ರವರಿ ೧೯೭೨

ದೇವಕ್ಕ ಟೀಚರ್ ಅವರಿಗೆ,

ಒಂದೂವರೆ ವರ್ಷ ಬರೆಯಲಿಲ್ಲ. ನೀವೂ ಬರೆಯಲಿಲ್ಲ. ಗಿಡದ ಕ್ಷೇಮ ತಿಳಿಸುವುದು ನನ್ನ ಕರ್ತವ್ಯ ಎಂದುಕೊಂಡು ಈಗ ಬರೆಯುತ್ತಿದ್ದೇನೆ. ಅದು ಬಿಟ್ಟರೆ ಬರೆಯಲು ನನಗೆ ಬೇರೆ ಯಾವ ಹಕ್ಕಿದೆ?

ಗಿಡ ಬದುಕಿದೆ ಎನ್ನಬಹುದು. ಬೆಳೆದಿದೆ ಎನ್ನಲಾಗದು. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತು ಎಲೆಯೆಲ್ಲ ಹಳದಿಯಾಯಿತು. ಲಾಲಸಾಬ ಅಂಧೇರಿಯ ಕಟ್ಟಡದಿಂದ ಒಡೆದ ಇಟ್ಟಿಗೆ, ಹೆಂಚಿನ ಚೂರು ತಂದು ಸುರಿದ. ಮಕ್ಕಳು ಅದನ್ನೆಲ್ಲ ಬುಡದ ಸುತ್ತ ಪೇರಿಸಿ ದಿಬ್ಬ ಮಾಡಿದ್ದಾರೆ. ಹೆಡ್‌ಮಾಸ್ತರರು ಎರಡು ಸಲ "ಆ ಮುಳ್ಳು ಕೀಳಿಸಿ, ಗುಲ್‌ಮೊಹರ್ ಹಾಕಿಸಿ" ಎಂದರು. ಆಗಲಿ ಎಂದೆ. ಕೀಳಿಸಲಿಲ್ಲ. ನನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ಮೇಲಿನವರ ಮಾತು ಮೀರಿದ್ದು ಇದೊಂದೇ.

ಮಕ್ಕಳು ಅದಕ್ಕೆ "ದೇವಕ್ಕ ಟೀಚರ್ ಕಾ ಕಾಂಟಾ", ದೇವಕ್ಕ ಟೀಚರ ಮುಳ್ಳು, ಎಂದು ಹೆಸರಿಟ್ಟಿದ್ದಾರೆ. ನಿಮ್ಮನ್ನು ನೋಡದ ಮಕ್ಕಳೂ ಹಾಗೆಯೇ ಕರೆಯುತ್ತಾರೆ. ಪೀಪಾಯಿಯ ಪಾಠ ಮಕ್ಕಳ ಮನೆಗಳಿರುವ ಚಾಳಿನವರೆಗೂ ಹೋಗಿದೆ. ನೀರು ಕಡಿತವಾದ ಮೇಲೆ, ಜಗಳವಾಡಿದ ಆ ತಾಯಿಯೇ ಅಕ್ಕಿ ತೊಳೆದ ನೀರನ್ನು ತುಳಸಿಗೆ ಹಾಕುತ್ತಾರಂತೆ.

ಭಾನುವಾರ ಮಾಟುಂಗಕ್ಕೆ ಹೋಗುತ್ತೇನೆ. ಹೋಟೆಲಿನಲ್ಲಿ ಗಿರಾಕಿಗಳು ಹೆಚ್ಚಿರುವ ಹೊತ್ತಿಗೇ ಹೋಗುವುದು. ಜಾಗವಿಲ್ಲವೆಂದು ಯಾರಾದರೂ ನನ್ನ ಎದುರು ಬಂದು ಕೂರುತ್ತಾರೆ.

ಧರ್ಮಣ್ಣ


(ಪೋಸ್ಟ್ ಕಾರ್ಡ್)
ಹೊಸಬೇವಿನಾಳ
೯ ಜುಲೈ ೧೯೭೨

ನಮಸ್ಕಾರ. ಕಾಗದ ಮುಟ್ಟಿತು. ನನಗೆ ಇಲ್ಲಿನ ಶಾಲೆಯಲ್ಲೇ ಕೆಲಸವಾಗಿದೆ. ಇಲ್ಲೂ ಒಂದು ಪೀಪಾಯಿ ಇಟ್ಟಿದ್ದೇನೆ. ಗಿಡಕ್ಕೆ ನೀರು ಕಡಿಮೆ ಮಾಡಿ, ಅತಿಯಾದ ಉಪಚಾರ ಅದಕ್ಕೆ ಒಗ್ಗುವುದಿಲ್ಲ. ಅದಕ್ಕೆ ಬಿಸಿಲು ಬೇಕು, ತಾಳ್ಮೆ ಬೇಕು. ನಿಮಗೆ ಎರಡನೆಯದು ಬೇಕಾದಷ್ಟಿದೆ, ಕೆಲವೊಮ್ಮೆ ಬೇಕಾದದ್ದಕ್ಕಿಂತ ಹೆಚ್ಚೇ.

ದೇವಕ್ಕ


ಮಲಾಡ್
೨೭ ಅಕ್ಟೋಬರ್ ೧೯೭೪

ದೇವಕ್ಕ,

ಟೀಚರ್ ಎಂದು ಬರೆಯಲಿಲ್ಲ. ಓದಿ ಮುಗಿಸಿದ ಮೇಲೆ ಕೋಪ ಬಂದರೆ ಬರಲಿ. ಗುರಲಿಂಗಪ್ಪನವರು ಇದನ್ನು ಕಟ್ಟೆಯಲ್ಲಿ ಓದುವುದಾದರೆ ಗಟ್ಟಿಯಾಗಿಯೇ ಓದಲಿ. ಇನ್ನು ನನಗೆ ಮುಚ್ಚಿಡಲು ತ್ರಾಣವಿಲ್ಲ.

ಮೊನ್ನೆ ದಸರೆಯ ದಿನ ಶಾಲೆಗೆ ರಜೆ. ಗಿಡ ನೋಡಿಕೊಂಡು ಹೋಗೋಣವೆಂದು ಬಂದಿದ್ದೆ. ಮೂರನೇ ಇಯತ್ತೆಯ ಹುಡುಗಿಯೊಬ್ಬಳ ತಂದೆತಾಯಿ, ನಿಮ್ಮ ಕಡೆಯ ಅಣವೀರಪ್ಪ ಮತ್ತು ಹನುಮವ್ವ, ಗೇಟಿನಲ್ಲಿ ನಿಂತಿದ್ದರು. ಇಬ್ಬರೂ ರಸ್ತೆ ಕೆಲಸದವರು. ಹನುಮವ್ವ ಒಳಗೆ ಇಣುಕಿ, "ಸರ, ಬನ್ನಿ ಬೇಕಾಗಿತ್ರಿ" ಎಂದಳು.

"ಬನ್ನಿ, ಬನ್ನಿ" ಎಂದು ನಾನು ಗೇಟು ತೆರೆದೆ.

"ಬಂದೀವಲ್ರಿ. ಬನ್ನಿ ಕೊಡ್ರಿ."

"ಬಂದಿದ್ದೀರಲ್ಲ, ಒಳಗೆ ಬನ್ನಿ."

"ಅಯ್ಯ ನಮ್ಮಪ್ಪ! ಒಳಗ ಬಂದು ಏನ್ ಮಾಡೂಣ್ರಿ? ನಾಕ್ ಎಲಿ ಬನ್ನಿ ಹರಕೊಂಡು ಹೋಗತೀವಿ. ಮುಂಬೈಗೆ ಬಂದಾಗಿಂದ ಬನ್ನಿ ಮಾರಿ ನೋಡಿಲ್ಲ. ಇಲ್ಲಿಯವ್ರು ಬ್ಯಾರೆ ಯಾವ್ದೋ ಎಲಿ ಕೊಟ್ಟು ಸೋನಾ ಸೋನಾ ಅಂತಾರ್ರಿ." ಹೀಗೆಂದು ಅವಳು ಸೀದಾ ನಿಮ್ಮ ಗಿಡದ ಬಳಿ ಹೋಗಿ ಸೆರಗು ತಲೆಯ ಮೇಲೆ ಹೊದ್ದು ಕೈಮುಗಿದಳು.

ನಾನು ಅವಳ ಹಿಂದೆಯೇ ಹೋದೆ. "ಇದಕ್ಕೆ ಏನೆನ್ನುತ್ತೀರಿ?" ಎಂದು ಕೇಳಿದೆ.

"ಬನ್ನಿ ಅಲ್ರಿ? ಬನ್ನಿ ಗಿಡ."

"ಹಾಗಾದರೆ ಮನೆಗೆ ಯಾರನ್ನಾದರೂ ಕರೆಯುವಾಗ?"

"ಬರ್ರಿ ಅಂತೀವಿ." ಅವಳು ಗಂಡನ ಕಡೆ ತಿರುಗಿ, "ಸರಗ ಆರಾಮ ಇಲ್ಲೇನು ನೋಡು" ಎಂದಳು.

ದೇವಕ್ಕ, ಪಾಂಡವರು ಆಯುಧ ಬಚ್ಚಿಟ್ಟ ಶಮೀವೃಕ್ಷವೇ ಬನ್ನಿ ಮರ ಎಂದು ಪ್ರತಿ ವರ್ಷ ನಾನು ಪಾಠದಲ್ಲಿ ಹೇಳುತ್ತೇನೆ. ಆ ಮರ ನಾಲ್ಕು ವರ್ಷ ನನ್ನೆದುರು ನಿಂತಿತ್ತು, ನನಗೆ ಗುರುತು ಸಿಗಲಿಲ್ಲ. ನಮ್ಮ ಕಾರ್ಕಳದ ಕಡೆ ಅದು ಪುಸ್ತಕದಲ್ಲಿ ಮಾತ್ರ ಬೆಳೆಯುತ್ತದೆ. "ಬನ್ನಿ" ಎಂದು ಬರೆದ ಆ ಕಾರ್ಡಿನಲ್ಲಿ ನಾನು ಗಿಡ ಕೇಳಿರಲಿಲ್ಲ. ನಿಮ್ಮನ್ನು ಕರೆದಿದ್ದೆ. ಕಟ್ಟೆಯವರೆಲ್ಲ ಓದುವ ಕಾರ್ಡಿನಲ್ಲಿ ಅದಕ್ಕಿಂತ ಹೆಚ್ಚು ಬರೆಯಲು ಧೈರ್ಯವಾಗಲಿಲ್ಲ. ಶಾಲೆಗೆ ಬೇಕು ಎಂದದ್ದೂ ಅರ್ಧ ಸುಳ್ಳು. ಬೇಕಾಗಿದ್ದು ನನಗೆ.

ಲಾಲಸಾಬ ಗೋಣಿ ಬಿಚ್ಚಿದಾಗ ಒಳಗೆ ಮುಳ್ಳು ಕಂಡಿತು. ಕರೆದದ್ದಕ್ಕೆ ಇದು ಉತ್ತರ ಎಂದುಕೊಂಡೆ. "ನೀವು ಕೇಳಿದ್ದು ಇದೇ ತಾನೆ" ಎಂಬ ಮಾತು ನನ್ನ ಮಾನ ಉಳಿಸಲು ನೀವು ಮಾಡಿದ ಉಪಾಯ ಎಂದು ತಿಳಿದೆ. ಇಲ್ಲ ಎಂದು ಬರೆದರೆ ನಿಮ್ಮನ್ನು ಮತ್ತೊಮ್ಮೆ ಪೇಚಿಗೆ ಸಿಕ್ಕಿಸಿದಂತಾಗುತ್ತದೆ ಎಂದು ಹೌದು ಎಂದು ಬರೆದೆ. ಆ ಒಂದು ಹೌದು ಬರೆದ ಮೇಲೆ ಈ ಊರಿನಲ್ಲಿ ನಾನು ಯಾರೊಂದಿಗೂ ಮನಬಿಚ್ಚಿ ಮಾತಾಡಿಲ್ಲ.

ಆ ಮಧ್ಯಾಹ್ನದೊಳಗೆ ನಿಮ್ಮ ಕಡೆಯವರೆಲ್ಲ ಸುದ್ದಿ ಕೇಳಿ ಬಂದರು. ಗೋರೆಗಾಂವ್‌ನಿಂದಲೂ ಬಂದಿದ್ದರು. ಎಲ್ಲರೂ ರೆಂಬೆಗೇ ಕೈಹಾಕತೊಡಗಿದಾಗ ಗಿಡ ಬೋಳಾದೀತೆಂದು ಅಡ್ಡ ನಿಂತೆ. ಒಬ್ಬರಿಗೆ ಒಂದೇ ಎಸಳು ಎಂದು ಕಾಯಿದೆ ಮಾಡಿದೆ. ಹನುಮವ್ವ ತನಗೆ ಸಿಕ್ಕ ಎಸಳನ್ನು ಮೊದಲು ನನ್ನ ಕೈಗೇ ಇಟ್ಟು, "ಬನ್ನಿ ತಗೊಂಡು ಬಂಗಾರದ್ಹಂಗ ಇರೂಣ್ರಿ" ಎಂದಳು. ಅದನ್ನು ಇದರೊಳಗೆ ಇಟ್ಟಿದ್ದೇನೆ.

ಈ ಸಲ ನಿಮ್ಮ ಭಾಷೆಯಲ್ಲೇ ಬರೆಯುತ್ತೇನೆ. ಬರ್ರಿ.

ಧರ್ಮಣ್ಣ


(ಪೋಸ್ಟ್ ಕಾರ್ಡ್)
ಮಲಾಡ್
೧೯ ಜನವರಿ ೧೯೭೫

ಅಕ್ಟೋಬರಿನಲ್ಲಿ ಬರೆದ ಕಾಗದ ತಲುಪಿತೇ? ಗಿಡ ಚೆನ್ನಾಗಿದೆ.

ಧರ್ಮಣ್ಣ


ಹೊಸಬೇವಿನಾಳ
೧೮ ಸೆಪ್ಟೆಂಬರ್ ೧೯೭೫

ಧರ್ಮಣ್ಣನವರಿಗೆ,

ಕಾಗದ ತಲುಪಿತ್ತು. ಅಣ್ಣ ಅದನ್ನು ಕಟ್ಟೆಯಲ್ಲಿ ಗಟ್ಟಿಯಾಗಿಯೇ ಓದತೊಡಗಿದ. ಹನುಮವ್ವ ಬನ್ನಿ ಕೇಳಿದಲ್ಲಿಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆಮೇಲೆ ಅವನ ದನಿ ನಿಂತಿತು. ಮಡಚಿ ಒಳಗೆ ತಂದು, "ಉಳಿದದ್ದು ನೀನ ಓದ್ಕೊ" ಎಂದು ನನ್ನ ಕೈಗಿಟ್ಟು ಹೊರಟುಹೋದ. ಆಮೇಲೆ ಆ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಿಮಗೆ ಬರೆದ ಉತ್ತರಗಳನ್ನೆಲ್ಲ ಒಲೆಗೆ ಹಾಕಿದೆ. ಯಾಕೆಂದರೆ ಅವುಗಳಲ್ಲಿ ನಾನು ನಿಜ ಹೇಳಿರಲಿಲ್ಲ.

ನಿಜ ಇಷ್ಟು. ಎಂಟು ವರ್ಷ ಕಾಲ ಒಂದನೇ ಇಯತ್ತೆಯ ಮಕ್ಕಳಿಗೆ "ಒಳಗೆ ಬನ್ನಿ, ಸಾಲಾಗಿ ಬನ್ನಿ" ಎಂದು ಹೇಳಿಕೊಟ್ಟವಳು ನಾನು. ಆ ಮಾತಿನ ಅರ್ಥ ನನಗೆ ತಿಳಿಯದೇ ಇದ್ದೀತೇ? ಅಣ್ಣ ಕಾರ್ಡು ಓದಿ, "ಬನ್ನಿ ಗಿಡ ಬೇಕಂತ ನೋಡು ಮಾಸ್ತರಗ" ಎಂದ. ಅವನಿಗೆ ಅದೊಂದೇ ಅರ್ಥ. ನಾನು ಕಾರ್ಡನ್ನು ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟು ರೊಟ್ಟಿ ಬಡಿಯುತ್ತ ಎರಡು ರೀತಿಯಲ್ಲೂ ಓದಿದೆ. ಒಂದು ರೊಟ್ಟಿಗೆ ಗಿಡ ಅನಿಸುತ್ತಿತ್ತು, ಇನ್ನೊಂದಕ್ಕೆ ನಾನು ಅನಿಸುತ್ತಿತ್ತು. ನೀವು ಕೇಳಿದ್ದು ಗಿಡವಾಗಿದ್ದು, ನಾನು ಟ್ರಂಕು ಹಿಡಿದು ಎರಡು ಮಕ್ಕಳೊಂದಿಗೆ ಮಲಾಡ್ ಸ್ಟೇಷನ್ನಿನಲ್ಲಿ ಇಳಿದುಬಿಟ್ಟರೆ? ವಿಧವೆ ಹೆಂಗಸು ಕರೆಯದ ಮನೆಗೆ ಬಂದಳು ಎಂದಾದರೆ ನನ್ನ ಮುಖವನ್ನು ಎಲ್ಲಿಡುತ್ತಿದ್ದೆ? ನನಗೆ ಹೆದರಿಕೆಯಾಯಿತು. ಗಿಡ ಕಳಿಸಿದರೆ ಯಾರೂ ನಗುವುದಿಲ್ಲ. ಅದಕ್ಕೇ ಗಿಡ ಕಳಿಸಿ, ಇದೇ ತಾನೆ ಎಂದು ಕೇಳಿದೆ. ಇದಲ್ಲ ಎಂದು ನೀವು ಒಂದು ಮಾತು ಬರೆಯುತ್ತೀರಿ ಎಂದು ಅಂಚೆಯವನ ದಾರಿ ಕಾದೆ. ನೀವು ಶಾಲೆಯ ಪರವಾಗಿ ಕೃತಜ್ಞತೆ ಹೇಳಿದಿರಿ.

ಆ ಸಾಲು ಓದಿ ನನಗೆ ಬಂದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ.

ಚನ್ನವ್ವನಿಗೆ ಈಗ ಹದಿಮೂರು. ಬಂಡೆಪ್ಪ ಎರಡನೇ ಇಯತ್ತೆ, ರಾತ್ರಿ ನನ್ನ ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿಯದೆ ಮಲಗುವುದಿಲ್ಲ. ಆಗಲೇ ಬಂದಿದ್ದರೆ ಇವರು ನಿಮ್ಮ ಪೀಪಾಯಿಗೆ ನೀರು ಸುರಿಯುತ್ತ ಬೆಳೆಯುತ್ತಿದ್ದರು. ಈಗ ಬೇರು ಇಲ್ಲೇ ಇಳಿದಿದೆ. ಒಮ್ಮೆ ನೆಟ್ಟ ಮೇಲೆ ಜಾಗ ಬದಲಿಸಬೇಡಿ ಎಂದು ನಿಮಗೆ ಬುದ್ಧಿ ಹೇಳಿದವಳು ನಾನೇ. ಬಂಡೆಪ್ಪ ನಾಲ್ಕನೆಯದು ಮುಗಿಸುವವರೆಗೆ ಈ ಮನೆ ಬಿಡಲಾರೆ. ಕಾಯಬೇಡಿ ಎಂದು ಬರೆಯಬೇಕು. ಕೈ ಬರುತ್ತಿಲ್ಲ.

ಮೊನ್ನೆ ಅಣ್ಣ ಎತ್ತಿಗೆ ಮೇವು ಹಾಕುತ್ತ, ನನ್ನ ಮುಖ ನೋಡದೆ, "ಮುಂಬೈ ದಸರಾ ಹೆಂಗಿರತೈತಿ, ಚನ್ನಿಗೆ ತೋರ್ಸಿ ಬಾ" ಎಂದ. ಅವನಿಗೂ ಇದನ್ನು ಹೇಳಲು ಇಷ್ಟು ದಿನ ಬೇಕಾಯಿತು. ನಮ್ಮಲ್ಲಿ ಯಾರೂ ಬಾಯಿಬಿಡುವವರಲ್ಲ, ನನ್ನ ಬಾಯಿ ಮಾತ್ರ ದೊಡ್ಡದು.

ಹಬ್ಬದ ಮುಂಜಾನೆ ಇಳಿಯುತ್ತೇವೆ. ನಿಮ್ಮ ಕಾಯಿದೆ ನನಗೂ ಇರಲಿ, ಒಂದೇ ಎಸಳು ಸಾಕು. ಆದರೆ ಅದನ್ನು ನಿಮ್ಮ ಕೈಯಿಂದಲೇ ಕೊಡಬೇಕು. ಎರಡು ದಿನ ಇದ್ದು ಹೊರಡುತ್ತೇನೆ. ಹೊರಡುವಾಗ ಗಾಡಿಯ ಬಾಗಿಲಲ್ಲಿ ನಿಂತು "ಬರ್ತೀನ್ರಿ" ಎನ್ನುತ್ತೇನೆ. ಹೋಗುವವರೆಲ್ಲ ಆಡುವ ಮಾತು ಅದು, ಬರ್ತೀನಿ ಎಂದರೆ ಹೋಗ್ತೀನಿ ಎಂದರ್ಥ ಎಂದು ನಿಮ್ಮ ಕಾರ್ಕಳದವರಿಗೂ ಗೊತ್ತು. ಅದನ್ನು ಕೇಳಿ ತಲೆ ತಗ್ಗಿಸಿ ಕನ್ನಡಕ ಒರೆಸಿಕೊಳ್ಳಬೇಡಿ. ಆ ಒಂದು ಮಾತನ್ನಾದರೂ ಅಕ್ಷರ ಇದ್ದ ಹಾಗೆಯೇ ತಿಳಿದುಕೊಳ್ಳಿ.

ದೇವಕ್ಕ